ಕಚೇರಿಯ ಕಂಪ್ಯೂಟರ್ ಮತ್ತು ತಂತ್ರಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಮತ್ತು ಮಧ್ಯಮ ಕಚೇರಿಗಳಲ್ಲಿ ಕಂಪ್ಯೂಟರ್ ವ್ಯವಸ್ಥೆಯ ಹೊಣೆ ಹೊತ್ತವರಿಗೆ ಹೆಚ್ಚಾಗಿ ಬೇರೆಯೇ ಕೆಲಸವಿರುತ್ತದೆ. ಅವರು ಲೆಕ್ಕ ಬರೆಯುವವರೋ ವ್ಯವಸ್ಥಾಪಕರೋ ಆಗಿದ್ದು, ಕಂಪ್ಯೂಟರ್ ಸ್ವಲ್ಪ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಈ ಭಾರವೂ ಹೆಗಲೇರಿರುತ್ತದೆ. ಅವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಏನನ್ನೇ ಕೊಳ್ಳುವಾಗಲೂ ಅದು ಕೆಟ್ಟು ನಿಂತ ದಿನ ಏನು ಮಾಡುತ್ತೇವೆ ಎಂದು ಮೊದಲೇ ಯೋಚಿಸಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಏನನ್ನು ನೋಡಬೇಕು?

ಈಗಿರುವ ಕಂಪ್ಯೂಟರಿನ ಮುಂದೆ ಕುಳಿತವರ ಪರದೆಯನ್ನು ನೋಡಬೇಕು. "ತುಂಬಾ ನಿಧಾನ" ಎಂದು ದೂರಿದವರ ಪಕ್ಕದಲ್ಲಿ, ಅವರ ಕೆಲಸ ಬಿರುಸಾಗಿರುವ ಹೊತ್ತಿನಲ್ಲಿ, ಅರ್ಧ ಗಂಟೆ ಕುಳಿತುಕೊಳ್ಳಿ. ವಿಂಡೋಸ್ ಆಗಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ದೊಡ್ಡ ಸ್ಪ್ರೆಡ್‌ಶೀಟ್, ಇಪ್ಪತ್ತು ಬ್ರೌಸರ್ ಟ್ಯಾಬ್‌ಗಳು, ಲೆಕ್ಕಪತ್ರದ ತಂತ್ರಾಂಶ, ವಿಡಿಯೊ ಕರೆ ಎಲ್ಲವೂ ತೆರೆದಿರುವಾಗ ಮೆಮೊರಿ ಶೇ 90 ದಾಟಿ ಅಲ್ಲೇ ನಿಂತರೆ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ ಬಳಕೆ ಶೇ 100ರಲ್ಲೇ ಅಂಟಿಕೊಂಡಿದ್ದರೆ ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಧ್ಯತೆ ಹೆಚ್ಚು. ಅದನ್ನು ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಚುರುಕಾಗಿ ದುಡಿಯುತ್ತದೆ. ಎರಡೂ ನಿರಾಳವಾಗಿದ್ದು ಒಂದೇ ಒಂದು ತಂತ್ರಾಂಶ ತಡವರಿಸುತ್ತಿದ್ದರೆ ದೋಷ ಇರುವುದು ಸರ್ವರ್‌ನಲ್ಲಿ, ನೆಟ್‌ವರ್ಕ್‌ನಲ್ಲಿ ಅಥವಾ ಆ ತಂತ್ರಾಂಶದಲ್ಲೇ. ಹೊಸ ಕಂಪ್ಯೂಟರ್ ತಂದರೂ ಆ ತೊಂದರೆ ಕದಲುವುದಿಲ್ಲ.

ಈ ಅರ್ಧ ಗಂಟೆಯನ್ನು ಯಾರೂ ಕೊಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಕೊಟ್ಟರೆ ಖರೀದಿಯ ಪಟ್ಟಿ ಅಲ್ಲೇ ಗಿಡ್ಡವಾಗುತ್ತದೆ.

ಎಷ್ಟು ರ‍್ಯಾಮ್, ಎಷ್ಟು ಸಂಗ್ರಹ, ಯಾವ ಪ್ರೊಸೆಸರ್ ಇರಬೇಕು?

ಸಾಮಾನ್ಯ ಕಚೇರಿ ಕೆಲಸಕ್ಕೆ 16 ಜಿಬಿ ರ‍್ಯಾಮ್, 256 ಅಥವಾ 512 ಜಿಬಿ ಎಸ್‌ಎಸ್‌ಡಿ, ಈಚಿನ ಪೀಳಿಗೆಯ ಮಧ್ಯಮ ದರ್ಜೆಯ ಪ್ರೊಸೆಸರ್ ಸಾಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಸಾಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಆದರೆ ಅದು ವ್ಯವಸ್ಥೆ ಚಾಲೂ ಆಗಲು ಬೇಕಾದ ಅಳತೆ, ದಿನವಿಡೀ ಕೆಲಸ ಮಾಡಲು ಸಾಕಾಗುವ ಅಳತೆಯಲ್ಲ. ಹಣ ಮಿತಿಯಲ್ಲಿದ್ದರೆ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ, ರ‍್ಯಾಮ್‌ನಲ್ಲಿ ಇಳಿಯಬೇಡಿ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಖರೀದಿಗೆ ಮುನ್ನ ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ವಿಡಿಯೊ ಸಂಕಲನ, ಕಟ್ಟಡಗಳ ನಕ್ಷೆ, ಮೂರು ಆಯಾಮದ ವಿನ್ಯಾಸ ಮಾಡುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ಬಳಸುವ ತಂತ್ರಾಂಶದ ತಯಾರಕರು "ಕನಿಷ್ಠ" ಮತ್ತು "ಶಿಫಾರಸು" ಎಂದು ಎರಡು ಪಟ್ಟಿ ಕೊಟ್ಟಿರುತ್ತಾರೆ. ಎರಡನೆಯದನ್ನು ಹಿಡಿಯಿರಿ.

ಲ್ಯಾಪ್‌ಟಾಪ್ ಕೊಡಬೇಕೋ, ಡೆಸ್ಕ್‌ಟಾಪ್ ಕೊಡಬೇಕೋ?

ಮೇಜು ಬಿಟ್ಟು ಏಳದ ಕೆಲಸಕ್ಕೆ ಡೆಸ್ಕ್‌ಟಾಪೇ ಸರಿ. ಬಿಡಿಭಾಗ ಬದಲಿಸುವುದು ಸುಲಭ, ಬಾಳಿಕೆ ಹೆಚ್ಚು, ಕಳುವಾಗುವ ಭಯ ಕಡಿಮೆ. ಓಡಾಡುವವರಿಗೆ, ಮನೆಯಿಂದಲೂ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್ ಕೊಡಿ. ಆದರೆ ಅದರ ಜೊತೆಗೆ ಕಚೇರಿಯಲ್ಲಿ ಒಂದು ಪ್ರತ್ಯೇಕ ಮಾನಿಟರ್, ಕೀಬೋರ್ಡ್, ಮೌಸ್ ಕೂಡ ಕೊಡಿ. ಲ್ಯಾಪ್‌ಟಾಪ್ ಪರದೆಯ ಮೇಲೆ ಎಂಟು ಗಂಟೆ ಕತ್ತು ಬಗ್ಗಿಸಿ ಕೂರುವ ಶಿಕ್ಷೆ ಯಾರಿಗೂ ಬೇಡ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಬೇಕು. ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್ ಇರುವ ಮಾನಿಟರಿಗೆ ಸ್ವಲ್ಪ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ.

ಸದಾ ಚಾರ್ಜರಿಗೆ ಸಿಕ್ಕಿಸಿಯೇ ಇರುವ ಲ್ಯಾಪ್‌ಟಾಪ್‌ಗಳ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಬ್ಯಾಟರಿಯನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆಯನ್ನು ಬಹಳಷ್ಟು ತಯಾರಕರು ಕೊಟ್ಟಿರುತ್ತಾರೆ, ಅದನ್ನು ಹಾಕಿಡಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಕೂಡಲೇ ಬಳಕೆ ನಿಲ್ಲಿಸಿ, ಚಾರ್ಜ್ ಮಾಡಬೇಡಿ, ಅದನ್ನು ಒತ್ತಲೂ ಚುಚ್ಚಲೂ ಹೋಗಬೇಡಿ.

ಮನೆಬಳಕೆಯ ಮಾದರಿಗಳು ಅಗ್ಗವಾಗಿವೆ. ಅವನ್ನೇ ಕೊಂಡರೆ ಏನು?

ಇಬ್ಬರು ಮೂವರ ಕಚೇರಿಗೆ ತೊಂದರೆಯಿಲ್ಲ. ಹತ್ತು ದಾಟಿದ ಮೇಲೆ ಕಚೇರಿಗೆಂದೇ ತಯಾರಾದ ಮಾದರಿಗಳೇ ಒಳ್ಳೆಯದು. ಒಂದೇ ಮಾದರಿ ಹೆಚ್ಚು ಕಾಲ ಮಾರುಕಟ್ಟೆಯಲ್ಲಿರುತ್ತದೆ, ಬಿಡಿಭಾಗ ಸಿಗುತ್ತದೆ, ತಂತ್ರಜ್ಞರು ಸ್ಥಳಕ್ಕೇ ಬಂದು ಸರಿಪಡಿಸುವ ವಾರಂಟಿ ಕೊಳ್ಳಬಹುದು. ಎಲ್ಲರ ಬಳಿ ಒಂದೇ ಮಾದರಿಯಿದ್ದರೆ ಒಬ್ಬರ ಚಾರ್ಜರ್ ಇನ್ನೊಬ್ಬರಿಗೆ ಆಗುತ್ತದೆ. ಒಂದು ಯಂತ್ರದಲ್ಲಿ ಕಂಡ ದೋಷದ ಪರಿಹಾರ ಉಳಿದವಕ್ಕೂ ಹೊಂದುತ್ತದೆ. ಹತ್ತು ಜನರಿಗೆ ಏಳು ಬಗೆಯ ಲ್ಯಾಪ್‌ಟಾಪ್ ಕೊಟ್ಟ ಕಚೇರಿಯನ್ನು ನೋಡಿಕೊಳ್ಳುವವರ ಪಾಡನ್ನು ನಾನು ಹತ್ತಿರದಿಂದ ಬಲ್ಲೆ.

ಇನ್ನೊಂದು ಮಾತು ವಿಂಡೋಸ್ ಆವೃತ್ತಿಯದು. ಅಗ್ಗದ ಯಂತ್ರಗಳ ಜೊತೆ ಬರುವುದು ಬಹುತೇಕ ಹೋಮ್ ಆವೃತ್ತಿ. ಅದನ್ನು ಕಚೇರಿಯ ಡೊಮೈನ್‌ಗೆ, ಅಂದರೆ ಎಲ್ಲ ಯಂತ್ರ, ಖಾತೆಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆಗೆ, ಸೇರಿಸಲಾಗದು, ದೂರದಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಕ್ಕೆ ಬರಲಾಗದು. ಆಮೇಲೆ ಪ್ರೊ ಆವೃತ್ತಿಗೆ ಹಣ ಕಟ್ಟಿದಾಗ ಅಗ್ಗದ ಲೆಕ್ಕ ತಲೆಕೆಳಗಾಗುತ್ತದೆ.

ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು?

ಲ್ಯಾಪ್‌ಟಾಪ್ ನಾಲ್ಕು, ಡೆಸ್ಕ್‌ಟಾಪ್ ಐದಾರು ವರ್ಷ ಎಂದು ಇಟ್ಟುಕೊಳ್ಳಬಹುದು. ಮಾನಿಟರ್ ಅದಕ್ಕಿಂತಲೂ ಹೆಚ್ಚು ಬಾಳುತ್ತದೆ. ಆದರೆ ನಿಜವಾದ ಗಡುವು ಯಂತ್ರದ ವಯಸ್ಸಿನಲ್ಲಿಲ್ಲ. ಅದರ ಆಪರೇಟಿಂಗ್ ಸಿಸ್ಟಂಗೆ ಭದ್ರತಾ ಅಪ್‌ಡೇಟ್ ನಿಲ್ಲುವ ದಿನದಲ್ಲಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಇಂಟೆಲ್ ಆದರೆ ಬಹುಪಾಲು ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೀಗಾಗಿ ಚೆನ್ನಾಗಿಯೇ ನಡೆಯುತ್ತಿದ್ದ ಅನೇಕ ಯಂತ್ರಗಳು ಒಂದೇ ದಿನ ಹಳತಾದವು. ಅಂಥವನ್ನು ಎಸೆಯಲು ಮನಸ್ಸಿಲ್ಲದಿದ್ದರೆ, ಬ್ರೌಸರ್ ಒಂದರಲ್ಲೇ ಮುಗಿಯುವ ಕೆಲಸಕ್ಕೆ ಲಿನಕ್ಸ್ ಹಾಕಿ ಬಳಸಬಹುದು. ಬೆಂಬಲ ಮುಗಿದ ವಿಂಡೋಸ್ ಇಟ್ಟುಕೊಂಡು ಬ್ಯಾಂಕ್ ವ್ಯವಹಾರ ಮಾಡುವುದು ಮಾತ್ರ ಬೇಡವೇ ಬೇಡ.

ಎಲ್ಲ ಯಂತ್ರಗಳನ್ನೂ ಒಂದೇ ವರ್ಷ ಕೊಂಡರೆ ಎಲ್ಲವೂ ಒಂದೇ ವರ್ಷ ಮುಪ್ಪಾಗುತ್ತವೆ. ವರ್ಷಕ್ಕೆ ನಾಲ್ಕನೇ ಒಂದು ಭಾಗದಂತೆ ಬದಲಿಸುತ್ತ ಹೋದರೆ ಖರ್ಚೂ ಹಂಚಿಹೋಗುತ್ತದೆ.

ಬಳಸಿದ, ನವೀಕರಿಸಿದ ಯಂತ್ರ ಕೊಳ್ಳಬಹುದೇ?

ಕೊಳ್ಳಬಹುದು. ದೊಡ್ಡ ಸಂಸ್ಥೆಗಳಿಂದ ಹೊರಬಂದ ಕಚೇರಿ ಮಾದರಿಗಳು ಗಟ್ಟಿಮುಟ್ಟಾಗಿರುತ್ತವೆ. ವಿಂಡೋಸ್ 11 ನಡೆಯುತ್ತದೆಯೇ, ಬ್ಯಾಟರಿ ಹೊಸದೇ, ಲಿಖಿತ ವಾರಂಟಿ ಇದೆಯೇ ಎಂಬ ಮೂರನ್ನು ಖಚಿತಪಡಿಸಿಕೊಳ್ಳಿ. ಬಂದ ಕೂಡಲೇ ಡಿಸ್ಕ್ ಅಳಿಸಿ, ಆಪರೇಟಿಂಗ್ ಸಿಸ್ಟಂ ಅನ್ನು ನೀವೇ ಹೊಸದಾಗಿ ಹಾಕಿ.

ಪ್ರಿಂಟರ್ ಆಯ್ಕೆಯಲ್ಲಿ ಏನು ಮುಖ್ಯ?

ಪ್ರಿಂಟರಿನ ಬೆಲೆಯಲ್ಲ, ಪುಟದ ಬೆಲೆ. ಟೋನರ್ ಅಥವಾ ಶಾಯಿಯ ಬೆಲೆಯನ್ನು ಅದು ಕೊಡುವ ಪುಟಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಡಬ್ಬಿಯ ಮೇಲಿನ ಪುಟಗಳ ಲೆಕ್ಕ ಪುಟದ ಶೇ 5ರಷ್ಟು ಭಾಗಕ್ಕೆ ಮಾತ್ರ ಶಾಯಿ ತಗಲುವ ಪತ್ರದಂಥ ಪುಟದ್ದು ಎಂಬುದು ನೆನಪಿರಲಿ; ಚಿತ್ರ, ಲೋಗೊ ತುಂಬಿದ ಪುಟಕ್ಕೆ ಹೆಚ್ಚು ಬೇಕು. ಕಪ್ಪು ಬಿಳುಪಿನ ಪತ್ರಗಳೇ ಹೆಚ್ಚಿದ್ದರೆ ಲೇಸರ್ ಕೊಳ್ಳಿ. ಇಂಕ್‌ಜೆಟ್ ಪ್ರಿಂಟರನ್ನು ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ನಾಜಲ್ ಕಟ್ಟಿಕೊಳ್ಳುತ್ತದೆ. ಲೇಸರ್‌ಗೆ ಆ ಕಾಟವಿಲ್ಲ. ಪ್ರತಿ ಮೇಜಿಗೊಂದು ಸಣ್ಣ ಪ್ರಿಂಟರ್ ಇಡುವ ಬದಲು ನೆಟ್‌ವರ್ಕಿಗೆ ಸೇರಿಸಿದ ಒಂದೆರಡು ಒಳ್ಳೆಯ ಪ್ರಿಂಟರ್ ಸಾಕು.

ಇಂಟರ್ನೆಟ್ ಸಂಪರ್ಕ ವೇಗವಾಗಿದೆ, ಆದರೂ ವೈಫೈ ನಿಧಾನ. ಏಕೆ?

ಮೊದಲು ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ವೇಗ ಅಳೆಯಿರಿ. ಅಲ್ಲಿ ವೇಗ ಸರಿಯಿದ್ದರೆ ತಪ್ಪು ವೈಫೈಯದ್ದು. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅದರಲ್ಲಿ ದಟ್ಟಣೆ ಹೆಚ್ಚು. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. 5 ಗಿಗಾಹರ್ಟ್ಸ್ ವೇಗವಾದದ್ದು, ಗೋಡೆ ದಾಟುವಾಗ ಸೊರಗುತ್ತದೆ. ಮೂಲೆಯ ಕಪಾಟಿನೊಳಗೆ ರೂಟರ್ ಬಚ್ಚಿಟ್ಟು ಇಡೀ ಮಹಡಿಗೆ ಸಿಗ್ನಲ್ ಬರಲಿ ಎಂದರೆ ಆಗದು. ಜನ ಕೂರುವ ಕಡೆ ಚಾವಣಿಯಲ್ಲಿ ವೈಫೈ ಸಿಗ್ನಲ್ ಬೀರುವ ಆಕ್ಸೆಸ್ ಪಾಯಿಂಟ್‌ಗಳನ್ನು ಹಾಕಿಸಿ, ಅವಕ್ಕೆ ಕೇಬಲ್ ಎಳೆಸಿ.

ಜಾಗ ಬಿಟ್ಟು ಕದಲದ ಡೆಸ್ಕ್‌ಟಾಪ್, ಪ್ರಿಂಟರ್, ಸರ್ವರ್‌ಗಳಿಗೆ ಕೇಬಲ್ಲೇ ಇರಲಿ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಹಾಕಿಸಿ, ಏಕೆಂದರೆ ಗೋಡೆ ಒಡೆಯುವ ಕೂಲಿಯ ಮುಂದೆ ಕೇಬಲ್ ಬೆಲೆಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅತಿಥಿಗಳಿಗೆ ಪ್ರತ್ಯೇಕ ವೈಫೈ ಕೊಡಿ. ರೂಟರಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಯುಪಿಎಸ್ ಎಷ್ಟು ದೊಡ್ಡದಿರಬೇಕು?

ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುವ ವಿಎ ಸಂಖ್ಯೆ ನಂಬಿ ಕೊಳ್ಳಬೇಡಿ, ವ್ಯಾಟ್ ನೋಡಿ. 600 ವಿಎ ಎಂದಿರುವ ಅನೇಕ ಮಾದರಿಗಳು ಕೊಡುವುದು 360 ವ್ಯಾಟ್ ಮಾತ್ರ. ಲೇಸರ್ ಪ್ರಿಂಟರನ್ನು ಯುಪಿಎಸ್‌ನ ಬ್ಯಾಟರಿ ಸಾಕೆಟಿಗೆ ಸಿಕ್ಕಿಸಬಾರದು. ಅದರ ಒಳಗಿನ ಕಾಯಿಸುವ ಭಾಗ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಸೀಸದ ಬ್ಯಾಟರಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತವೆ. ಬದಲಿಸಿದ ದಿನಾಂಕವನ್ನು ಯುಪಿಎಸ್ ಮೇಲೇ ಬರೆದು ಅಂಟಿಸಿ. ಕಂಪ್ಯೂಟರಿಗೆ ಯುಪಿಎಸ್ ಹಾಕಿ ರೂಟರನ್ನೂ ಕೇಬಲ್‌ಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನೂ ಮರೆತವರು ಬಹಳ.

ತಂತ್ರಾಂಶವನ್ನು ಒಂದೇ ಸಲ ಕೊಳ್ಳಬೇಕೋ, ಚಂದಾ ಕಟ್ಟಬೇಕೋ?

ಎರಡನ್ನೂ ಐದು ವರ್ಷದ ಲೆಕ್ಕ ಹಾಕಿ ಹೋಲಿಸಿ. ಚಂದಾದಲ್ಲಿ ಅಪ್‌ಡೇಟ್ ಮತ್ತು ಬೆಂಬಲ ಸೇರಿರುತ್ತವೆ, ಕಟ್ಟುವುದು ನಿಂತ ದಿನ ಬಳಕೆಯೂ ನಿಲ್ಲುತ್ತದೆ. ಒಂದೇ ಸಲ ಕೊಂಡದ್ದು ಸದಾ ನಡೆಯುತ್ತದೆ ಎಂದು ತೋರಿದರೂ ಅದಕ್ಕೂ ಬೆಂಬಲದ ಗಡುವಿದೆ. ಆಫೀಸ್ 2016 ಮತ್ತು 2019ರ ಬೆಂಬಲ ವಿಂಡೋಸ್ 10ರ ಜೊತೆಗೇ ಮುಗಿಯಿತು.

ಬೆಲೆಗಿಂತ ನಾನು ಮುಖ್ಯವೆಂದು ಭಾವಿಸುವುದು ಹೊರಬರುವ ದಾರಿಯನ್ನು. ನಾಳೆ ಈ ತಂತ್ರಾಂಶ ಬೇಡವೆನಿಸಿದರೆ ನಮ್ಮ ಗ್ರಾಹಕರ ಪಟ್ಟಿ, ಬಿಲ್ಲುಗಳು, ಲಗತ್ತಿಸಿದ ಕಡತಗಳು ಬೇರೆಡೆ ತೆರೆಯಬಲ್ಲ ರೂಪದಲ್ಲಿ ಕೈಗೆ ಸಿಗುತ್ತವೆಯೇ? ಮಾರುವವರು "ಸಿಗುತ್ತವೆ" ಎಂದರೆ ಸಾಲದು. ಪರೀಕ್ಷಾ ಅವಧಿಯಲ್ಲಿ ನಾಲ್ಕು ನಕಲಿ ಬಿಲ್ ಹಾಕಿ, ಅವನ್ನು ಹೊರತೆಗೆದು, ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ನೋಡಿ. ದಿನಾಂಕಗಳು ಸರಿಯಾಗಿ ಬಂದಿವೆಯೇ, ಹೆಸರುಗಳ ಅಕ್ಷರ ಒಡೆದಿವೆಯೇ, ಲಗತ್ತುಗಳು ಬಂದಿವೆಯೇ ಎಂದು ಒಂದೊಂದೇ ಸಾಲು ಓದಿ. ಈ ಪರೀಕ್ಷೆಯಲ್ಲಿ ಸೋತ ತಂತ್ರಾಂಶ ಎಷ್ಟೇ ಚೆಂದವಿದ್ದರೂ ಒಪ್ಪಬೇಡಿ.

ಆಯ್ಕೆ ಮಾಡುವಾಗ ಅದನ್ನು ದಿನವೂ ಬಳಸಬೇಕಾದವರನ್ನು ಜೊತೆಗೆ ಕೂರಿಸಿಕೊಳ್ಳಿ. ಮೇಲಿನವರು ಮೆಚ್ಚಿ ತಂದ ತಂತ್ರಾಂಶವನ್ನು ಬಿಟ್ಟು ಸಿಬ್ಬಂದಿ ಗುಟ್ಟಾಗಿ ಹಳೆಯ ಸ್ಪ್ರೆಡ್‌ಶೀಟನ್ನೇ ಮುಂದುವರಿಸಿದರೆ ಹಣವೂ ಹೋಯಿತು, ಲೆಕ್ಕವೂ ಎರಡಾಯಿತು.

ಉಚಿತ ಮುಕ್ತ ತಂತ್ರಾಂಶ ಕಚೇರಿಗೆ ಸಾಕೇ?

ಬಹಳಷ್ಟು ಕೆಲಸಕ್ಕೆ ಸಾಕು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್‌ನಲ್ಲಿ ಪತ್ರ, ಪಟ್ಟಿ, ಪ್ರಸ್ತುತಿ ಎಲ್ಲವನ್ನೂ ಮಾಡಬಹುದು. ಅದರ ಓಡಿಎಫ್ ಕಡತ ರೂಪ 2006ರಿಂದ ಐಎಸ್‌ಒ ಮಾನದಂಡವಾಗಿದೆ. ಎಕ್ಸೆಲ್ ಮ್ಯಾಕ್ರೊ (ಒಂದೇ ಕೆಲಸವನ್ನು ತಾನೇ ಮಾಡಿಕೊಡುವ ಸಣ್ಣ ಪ್ರೋಗ್ರಾಂ) ಬರೆದುಕೊಂಡಿರುವವರು, ಹೊರಗಿನವರೊಡನೆ ದಿನವೂ ವರ್ಡ್ ಕಡತ ತಿದ್ದಿ ಕಳುಹಿಸುವವರು ಮಾತ್ರ ತೊಡಕಿಗೆ ಸಿಕ್ಕಬಹುದು. ಅವರಿಗಷ್ಟೇ ಹಣ ಕೊಟ್ಟ ಪರವಾನಗಿ, ಉಳಿದವರಿಗೆ ಮುಕ್ತ ತಂತ್ರಾಂಶ ಎಂಬ ಹೊಂದಾಣಿಕೆ ಚೆನ್ನಾಗಿಯೇ ನಡೆಯುತ್ತದೆ. ಉಚಿತ ಎಂದು ಕಂಡದ್ದೆಲ್ಲ ಕಚೇರಿಗೂ ಉಚಿತವಲ್ಲ. ಕೆಲವು ಪರವಾನಗಿಗಳು ವೈಯಕ್ತಿಕ ಬಳಕೆಗೆ ಮಾತ್ರ ಇರುತ್ತವೆ, ಓದಿ ನೋಡಿ.

ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ ತಂತ್ರಾಂಶ ಬಳಸಬಹುದೇ?

ಬೇಡ. ಕಾನೂನಿನ ಮಾತು ಹಾಗಿರಲಿ, ಕ್ರ್ಯಾಕ್ ಕಡತ ನಡೆಸಲು ಆ್ಯಂಟಿವೈರಸ್ ನಿಲ್ಲಿಸಿ ಎಂದು ಅದನ್ನು ಹಂಚುವವರೇ ಹೇಳುತ್ತಾರೆ. ಯಾಕೆ ಎಂದು ಯೋಚಿಸಿ.

ಅಪ್‌ಡೇಟ್ ಬಂದ ಕೂಡಲೇ ಹಾಕಬೇಕೇ?

ಭದ್ರತಾ ಅಪ್‌ಡೇಟ್‌ಗಳನ್ನು ಕೆಲವೇ ದಿನಗಳೊಳಗೆ ಹಾಕಬೇಕು. 2017ರ ಮೇ 12ರಂದು ಹರಡತೊಡಗಿದ ವಾನಾಕ್ರೈ ಕುತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರ್‌ಗಳ ಕಡತಗಳನ್ನು ಒತ್ತೆಯಿಟ್ಟುಕೊಂಡಿತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಕೈಯಲ್ಲಿದ್ದರೂ ಹಾಕದವರು ನರಳಿದರು.

ಇದರ ಇನ್ನೊಂದು ಮುಖವೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಈ ಸಂಖ್ಯೆ ಮೈಕ್ರೋಸಾಫ್ಟ್‌ನ ಅಂದಾಜು. ಆ ಕಡತ ಹಂತಹಂತವಾಗಿ ಹೋಗದೆ ಎಲ್ಲ ಕಡೆಗೂ ಒಟ್ಟಿಗೆ ಹೋಗಿತ್ತು. ಆದ್ದರಿಂದ ನಿಮ್ಮ ಹಿಡಿತದಲ್ಲಿರುವ ಅಪ್‌ಡೇಟ್‌ಗಳನ್ನಾದರೂ ಮೊದಲು ಎರಡು ಮೂರು ಯಂತ್ರಗಳಿಗೆ ಹಾಕಿ, ಒಂದೆರಡು ದಿನ ನೋಡಿ, ಆಮೇಲೆ ಉಳಿದವಕ್ಕೆ ಬಿಡಿ. ಅಂದು ಯಂತ್ರಗಳನ್ನು ಸರಿಪಡಿಸಲು ಹೋದ ಅನೇಕರನ್ನು ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಮರುಪಡೆಯುವ ಕೀ ಕೇಳಿ ತಡೆಯಿತು. ಆ 48 ಅಂಕಿಗಳ ಕೀ ನಿಮ್ಮ ಯಂತ್ರಗಳದ್ದು ಎಲ್ಲಿದೆ? ಅದನ್ನಿಟ್ಟ ಸರ್ವರ್ ಕೂಡ ನಿಂತುಹೋದರೆ ಬೇರೆಡೆ ಒಂದು ಪ್ರತಿ ಇದೆಯೇ?

ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಲು ಹೇಳಬೇಕೇ?

ಬೇಡ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಆ ಪದ್ಧತಿ ಕೈಬಿಡಲು ಹೇಳಿತು. ಪದೇ ಪದೇ ಬದಲಿಸಲು ಒತ್ತಾಯಿಸಿದರೆ ಜನ ಕೊನೆಯ ಅಂಕಿ ಒಂದನ್ನು ಎರಡಾಗಿಸುತ್ತಾರೆ, ಅಷ್ಟೇ. ಸೋರಿಕೆಯ ಸುಳಿವು ಸಿಕ್ಕಾಗ ಮಾತ್ರ ಬದಲಿಸಿದರೆ ಸಾಕು. ಉದ್ದವಾದ, ಒಂದೊಂದು ಸೇವೆಗೂ ಬೇರೆಯಾದ ಪಾಸ್‌ವರ್ಡ್ ಇರಲಿ. ಅವನ್ನು ನೆನಪಿಡುವ ಕೆಲಸ ಪಾಸ್‌ವರ್ಡ್ ಮ್ಯಾನೇಜರ್‌ನದಾಗಲಿ. ಇಮೇಲ್ ಮತ್ತು ಬ್ಯಾಂಕ್ ಖಾತೆಗಳಿಗೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ ಕೇಳುವ ಎರಡನೇ ಹಂತದ ಪರಿಶೀಲನೆ ಕಡ್ಡಾಯ ಮಾಡಿ. ಎಸ್‌ಎಂಎಸ್‌ನಲ್ಲಿ ಬರುವ ಸಂಖ್ಯೆಗಿಂತ ಆ್ಯಪ್ ಮೇಲು, ಅದಕ್ಕಿಂತಲೂ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರಿನಲ್ಲೇ ಇರುವ ಡಿಜಿಟಲ್ ಕೀ) ಅಥವಾ ಕೈಯಲ್ಲಿ ಹಿಡಿಯುವ ಸಣ್ಣ ಸಾಧನವಾದ ಭದ್ರತಾ ಕೀ ಮೇಲು.

ಸಿಬ್ಬಂದಿಗೆ ಅಡ್ಮಿನ್ ಹಕ್ಕು (ತಂತ್ರಾಂಶ ಹಾಕುವ, ಯಂತ್ರದ ವ್ಯವಸ್ಥೆ ಬದಲಿಸುವ ಹಕ್ಕು) ಕೊಡಬೇಕೇ?

ದಿನನಿತ್ಯದ ಕೆಲಸಕ್ಕೆ ಯಾರಿಗೂ ಬೇಡ, ನಿಮಗೂ ಬೇಡ. ಅಡ್ಮಿನ್ ಖಾತೆ ಬೇರೆ ಇರಲಿ, ಬೇಕಾದಾಗಷ್ಟೇ ಬಳಸಿ.

ಎಲ್ಲವೂ ಕ್ಲೌಡ್‌ನಲ್ಲಿದೆ. ಮತ್ತೇಕೆ ಬ್ಯಾಕಪ್?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಕ್ಲೌಡ್ ಫೋಲ್ಡರ್‌ಗಳು ಮಾಡುವುದು ಸಿಂಕ್. ನಿಮ್ಮ ಕಂಪ್ಯೂಟರ್‌ನಲ್ಲಿ ಕಡತ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟರೆ ಅಲ್ಲೂ ಕೆಟ್ಟ ಪ್ರತಿಯೇ ಕೂರುತ್ತದೆ. ಹಳೆಯ ಆವೃತ್ತಿಗಳನ್ನೂ ಅಳಿಸಿದ ಕಡತಗಳನ್ನೂ ಕ್ಲೌಡ್ ಸೇವೆ ಕೊಡುವವರು ಕೆಲಕಾಲ ಇಟ್ಟಿರುತ್ತಾರೆ, ಅದಕ್ಕೂ ಗಡುವಿದೆ. ಎರಡು ಡಿಸ್ಕ್‌ಗಳನ್ನು ಜೋಡಿಸಿದ ರೈಡ್ ವ್ಯವಸ್ಥೆಯೂ ಬ್ಯಾಕಪ್ ಅಲ್ಲ. ಅದು ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ಕಾಯುತ್ತದೆ, ನೀವೇ ಅಳಿಸಿದ್ದನ್ನು ವಾಪಸು ಕೊಡುವುದಿಲ್ಲ.

3-2-1 ಎಂಬ ಸೂತ್ರ ಪಾಲಿಸಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯ ಹೊರಗೆ. ಒಂದಾದರೂ ಪ್ರತಿ ನೆಟ್‌ವರ್ಕಿಗೆ ಸದಾ ಅಂಟಿಕೊಂಡಿರದಿರಲಿ. ಒತ್ತೆ ಕುತಂತ್ರಾಂಶಗಳು ಕೈಗೆ ಸಿಕ್ಕುವ ಬ್ಯಾಕಪ್‌ಗಳನ್ನೇ ಮೊದಲು ಹುಡುಕಿ ಹಾಳುಗೆಡವುತ್ತವೆ.

ಇಷ್ಟು ಮಾಡಿದರೂ ಅರ್ಧ ಕೆಲಸವಷ್ಟೇ ಆಯಿತು. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಸಿಬ್ಬಂದಿಯೊಬ್ಬರು ತಪ್ಪಾದ ಸರ್ವರ್‌ನಲ್ಲಿ ಆದೇಶ ಕೊಟ್ಟು ಮುಖ್ಯ ದತ್ತಾಂಶವನ್ನೇ ಅಳಿಸಿಬಿಟ್ಟರು. ಸಂಸ್ಥೆಯ ಬಳಿ ಬ್ಯಾಕಪ್‌ಗೆ ಹಲವು ಏರ್ಪಾಡುಗಳಿದ್ದವು. ದಿನವೂ ಆಗಬೇಕಿದ್ದ ಬ್ಯಾಕಪ್ ಆವೃತ್ತಿಯ ಹೊಂದಾಣಿಕೆಯಿಲ್ಲದೆ ವಿಫಲವಾಗುತ್ತಿತ್ತು, ವಿಫಲವಾಗಿದೆ ಎಂದು ತಿಳಿಸಬೇಕಿದ್ದ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಉಳಿಸಿದ್ದು ಬೇರಾವುದೋ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಪ್ರತಿ. ಇದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ನನಗೆ ಅಪಾರ ಗೌರವವಿದೆ.

ಹಾಗಾಗಿ ಮೂರು ತಿಂಗಳಿಗೊಮ್ಮೆ ಮರಳಿ ಪಡೆಯುವ ಅಭ್ಯಾಸ ಮಾಡಿ. ಕಳೆದ ತಿಂಗಳ ಒಂದು ದಿನವನ್ನು ಆರಿಸಿ. ಅಂದಿನ ಲೆಕ್ಕಪತ್ರದ ಕಡತವನ್ನು ಬ್ಯಾಕಪ್‌ನಿಂದ ತೆಗೆದು ಬೇರೊಂದು ಯಂತ್ರಕ್ಕೆ ಹಾಕಿ, ತೆರೆದು ಅಂದಿನ ಕೊನೆಯ ನಮೂದು ಇದೆಯೇ ನೋಡಿ. ಆರಂಭದಿಂದ ಕೊನೆಯವರೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. "ವ್ಯವಸ್ಥೆ ಯಾವಾಗ ಮತ್ತೆ ಶುರುವಾಗುತ್ತದೆ?" ಎಂದು ಎಲ್ಲರೂ ನಿಮ್ಮ ಮುಖ ನೋಡುವಾಗ ಕೊಡಬಹುದಾದ ನಂಬಲರ್ಹ ಉತ್ತರ ಆ ಅಂಕಿ.

ಯಾವ ಯಂತ್ರ ಯಾರ ಬಳಿ ಇದೆ ಎಂಬ ಲೆಕ್ಕಕ್ಕೆ ವಿಶೇಷ ತಂತ್ರಾಂಶ ಬೇಕೇ?

ಐವತ್ತು ಯಂತ್ರಗಳವರೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಕ್ರಮಸಂಖ್ಯೆ, ಮಾದರಿ, ತಯಾರಕರ ಸೀರಿಯಲ್ ಸಂಖ್ಯೆ, ಕೊಂಡ ದಿನ, ವಾರಂಟಿ ಮುಗಿಯುವ ದಿನ, ಯಾರ ಬಳಿ ಇದೆ ಎಂಬ ಕಾಲಂಗಳಿರಲಿ. ಇನ್ನೊಂದು ಹಾಳೆಯಲ್ಲಿ ತಂತ್ರಾಂಶದ ಪರವಾನಗಿಗಳು, ನವೀಕರಣದ ದಿನ, ಯಾವ ಇಮೇಲ್ ಖಾತೆಯಿಂದ ಕೊಂಡದ್ದು ಎಂಬುದಿರಲಿ. ಸಂಸ್ಥೆಯ ವೆಬ್ ವಿಳಾಸವನ್ನು ಯಾರೋ ಒಬ್ಬರ ಸ್ವಂತ ಇಮೇಲ್‌ನಲ್ಲಿ ನೋಂದಾಯಿಸಿ, ಅವರು ಕೆಲಸ ಬಿಟ್ಟ ಮೇಲೆ ನವೀಕರಿಸಲಾಗದೆ ಒದ್ದಾಡುವ ಕಚೇರಿಗಳಿವೆ. ಎಲ್ಲ ಖರೀದಿಯೂ ಸಂಸ್ಥೆಯದೇ ಆದ ಒಂದು ಸಾಮಾನ್ಯ ಇಮೇಲ್ ವಿಳಾಸದಿಂದ ನಡೆಯಲಿ.

ಯಾರಾದರೂ ಕೆಲಸ ಬಿಟ್ಟಾಗ ಏನು ಮಾಡಬೇಕು?

ಕೊನೆಯ ದಿನವೇ ಅವರ ಖಾತೆಗಳನ್ನು ಸ್ಥಗಿತಗೊಳಿಸಿ, ಅಳಿಸಬೇಡಿ. ಕಡತಗಳ ಒಡೆತನ ಬೇರೆಯವರಿಗೆ ವರ್ಗಾಯಿಸಿದ ಮೇಲಷ್ಟೇ ಅಳಿಸುವ ಮಾತು. ಅವರಿಗೆ ತಿಳಿದಿದ್ದ ಹಂಚಿಕೆಯ ಪಾಸ್‌ವರ್ಡ್‌ಗಳನ್ನೂ ವೈಫೈ ಪಾಸ್‌ವರ್ಡನ್ನೂ ಬದಲಿಸಿ. ಇದು ಅನುಮಾನದ ಮಾತಲ್ಲ. ಆಮೇಲೆ ಏನಾದರೂ ಆದರೆ ಹೋದವರ ಹೆಸರು ಎಳೆದಾಡದಂತೆ ಅವರನ್ನೂ ಇದು ಕಾಯುತ್ತದೆ.

ಹಳೆಯ ಯಂತ್ರಗಳನ್ನು ಮಾರುವ ಮೊದಲು ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಸಾಕೇ?

ಸಾಲದು. ಕ್ವಿಕ್ ಫಾರ್ಮ್ಯಾಟ್ ಕಡತಗಳ ವಿಳಾಸಪಟ್ಟಿಯನ್ನಷ್ಟೇ ಅಳಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಮೇಲೆ ಬರೆದು ಅಳಿಸಬಹುದು. ಎಸ್‌ಎಸ್‌ಡಿ ತಾನು ಬರೆಯುವ ಜಾಗವನ್ನು ಒಳಗೊಳಗೇ ಬದಲಿಸುತ್ತಿರುವುದರಿಂದ ಆ ವಿಧಾನ ಅಲ್ಲಿ ನೆಚ್ಚುವಂತಿಲ್ಲ. ತಯಾರಕರ ಸೆಕ್ಯೂರ್ ಇರೇಸ್ ಸೌಲಭ್ಯ ಬಳಸಬೇಕು. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಯಂತ್ರ ಕೈಸೇರಿದ ಮೊದಲ ದಿನವೇ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಮ್ಯಾಕ್‌ನ ಫೈಲ್‌ವಾಲ್ಟ್‌ನಿಂದ ಡಿಸ್ಕನ್ನು ಗೂಢಲಿಪಿಗೆ ಬದಲಿಸಿಡುವುದು. ಆಗ ಲ್ಯಾಪ್‌ಟಾಪ್ ಕಳುವಾದರೂ ಒಳಗಿನ ಕಡತ ಓದಲಾಗದು.

ದೊಡ್ಡ ಕಾಪಿಯರ್ ಯಂತ್ರಗಳನ್ನು ಹೆಚ್ಚಿನವರು ಮರೆಯುತ್ತಾರೆ. ಅವುಗಳಲ್ಲಿ ಹಲವಕ್ಕೆ ಒಳಗೇ ಡಿಸ್ಕ್ ಇದ್ದು, ಪ್ರತಿ ತೆಗೆದ, ಸ್ಕ್ಯಾನ್ ಮಾಡಿದ ಕಾಗದಗಳ ಚಿತ್ರ ಅದರಲ್ಲಿ ಉಳಿದಿರಬಹುದು. ಬಾಡಿಗೆ ಕಾಪಿಯರ್ ಹಿಂದಿರುಗಿಸುವ ಮೊದಲು ಮೆನುವಿನಲ್ಲಿ ಡಿಸ್ಕ್ ಅಳಿಸುವ ಆಯ್ಕೆ ಹುಡುಕಿ ನಡೆಸಿ. ಸಿಗದಿದ್ದರೆ ಬಾಡಿಗೆ ಕೊಟ್ಟವರಿಂದಲೇ ಅಳಿಸಿಸಿ, ಅಳಿಸಿದ್ದೇವೆ ಎಂದು ಯಂತ್ರದ ಸೀರಿಯಲ್ ಸಂಖ್ಯೆಯ ಸಹಿತ ಲಿಖಿತ ಪತ್ರ ಪಡೆದು, ಯಂತ್ರಗಳ ಪಟ್ಟಿಯಲ್ಲಿ ಆ ಸಾಲಿನ ಮುಂದೆ ದಿನಾಂಕ ಹಾಕಿ.